ಸಂಖ ಸ್ಟ್ಯಾಂಡಿನಾಗ ಬಿಟ್ಟು ಬಂದದ್ದು

ತಂತಿ ಬಿಚ್ಚಿದ ದಿವಸ ಮಿರಜಿ ಡಾಕ್ಟರಬಾಯಿ
ಗುಲಾಬಿ ಡಬ್ಬಿ ಕೈಯಾಗಿಟ್ಟು ಮರಾಠಿಯೊಳಗ ಅಂದಳು,
ನಾ ಕನ್ನಡದಾಗ ತಿಳಕೊಂಡೆ:
ಹಲ್ಲಿಗೆ ನೆನಪು ಭಾಳ, ಮಹಾನಂದಾ.
ಎರಡು ವರ್ಷ ಎಳದು ತಂದು ನಿಲ್ಲಿಸೇನಿ,
ಕಾವಲು ತಪ್ಪಿತೋ, ಹಳೇ ಜಾಗಾಕ್ಕ ಹೊಂಡತಾವ.
ಬಿಸಿನೀರು ಬ್ಯಾಡ, ಸೊಟ್ಟ ಆಗತೈತಿ.
ಪೇಸ್ಟ ಬ್ಯಾಡ, ಗೀರು ಬೀಳತಾವ.
ಉಣ್ಣೂಮುಂದ ತಗಿ, ಉಂಡು ತೊಳಿ, ಮತ್ತ ಹಾಕು.
ಕಾಗದದಾಗ ಸುತ್ತಿ ಇಡಬ್ಯಾಡ.
ನಾ ಎಲ್ಲಾಕ್ಕೂ ಹೂಂ ಅಂದೆ,
ಕಡೀ ಮಾತಿಗೂ.

ಮರುದಿನ ಜತ್ತ ಡಿಪೋದಾಗ ಬಾಗಲಾ ಹಿಡದು ಕೂಗಿದೆ:
ಸಂಖ, ಸಂಖ, ಉಮದಿ!
ಸಕಾರ ನಾಲಿಗಿ ಮ್ಯಾಲ ಜಾರಿ, ತೊಯ್ದು,
ಶಂಖ ಆಗಿ ಹೊರಗ ಬಿತ್ತು.
ಮುಂದಿನ ಸೀಟಿನ ಮುದುಕ
"ಊದವ್ವಾ ಊದು, ಪೂಜಾ ಆಗಲಿ" ಅಂದ.
ಇಡೀ ಗಾಡಿ ನಕ್ಕಿತು.
ತಿಕೀಟ ಮಶೀನ ಬಾಯಿಗಡ್ಡ ಹಿಡಕೊಂಡು
ಐದು ವರ್ಷ ನಕ್ಕ ಕೈ ತಾನ ಮ್ಯಾಲೆದ್ದಿತು,
ಅರ್ಧಕ್ಕ ನಿಂತಿತು,
ಏನೋ ನೆನಪಾದಂಗ ಕೆಳಗ ಹೋತು.

ಅವ್ವ ಮಿಸ್ರಿ ತಿಕ್ಕೋತ ಡಬ್ಬಿ ತಗದು ನೋಡತಾಳ.
"ಇಷ್ಟ ರೊಕ್ಕದಾಗ ಒಂದ ಎಮ್ಮಿ ಬರತಿತ್ತು."
ಹಂಗಂದರೂ, ನಮ್ಮ ಬೋರಿನ ನೀರಾಗಿಟ್ಟರ
ಬೆಳ್ಳಗ ಸುಣ್ಣ ಕಟ್ಟತೈತಿ ಅಂತ ತಿಳದ ಮ್ಯಾಲ
ಕುಡಿಯೂ ನೀರಿನ ಜಾರಿನಾಗಿಂದ ಒಂದ ಬಟ್ಟಲ ತಗದಿಡತಾಳ.
"ಎಮ್ಮಿ ನೀರ ಕುಡೀತೇನ?" ಅಂತ ಕೇಳತಾಳ
ದಿನಾ ಸಂಜೀಕ.

ಮಂಗಳವಾರ. ಸಂಖದಾಗ ಹತ್ತು ಮಿನಿಟು.
ಮಿರ್ಚಿ ಭಜಿ, ಅರ್ಧ ಚಾ.
ಡಬ್ಬಿ ಬ್ಯಾಗಿನಾಗ, ಬ್ಯಾಗು ಗಾಡ್ಯಾಗ.
ಕಾಗದದಾಗ ಸುತ್ತಿದೆ.
ಕೈ ಒರಸಿದೆ, ಡಬಲ್ ಬೆಲ್ ಹೊಡದೆ.

ಆರು ಕಿಲೋಮೀಟರ ದಾಟಿದ ಮ್ಯಾಲ ನಾಲಿಗಿ
ಅಂಗಳಾ ಎಲ್ಲಾ ಅಡ್ಡಾಡಿ ಬಂದು ಹೇಳಿತು:
ಮನ್ಯಾಗ ಯಾರೂ ಇಲ್ಲ.

ಒಂದ ಬೆಲ್. ಗಾಡಿ ನಿಂತಿತು.
"ಏನ ಬಿಟ್ಟಿ?" ಖರಾತ ಡ್ರೈವರ ತಿರಗಿ ನೋಡಿದ.
"ಹಲ್ಲು."
"ಹಲ್ಲ ಬಾಯಾಗ ಅದಾವಲ್ಲ!"
"ಹಲ್ಲ ಹಿಡದಿರತೈತಲ್ಲ, ಅದು."
ಬಳಿ ಬುಟ್ಟಿಯಾಕಿ ಎಲ್ಲಾರಿಗೂ ಬಿಡಿಸಿ ಹೇಳಿದಳು:
"ಕವಳಿ, ಕವಳಿ! ಇಷ್ಟ ಸಣ್ಣ ವಯಸ್ಸಿಗೆ, ಪಾಪ."
ಅಲ್ಲ ಅನ್ನಾಕ ಹೋದೆ. ಯಾರು ಕೇಳತಾರ,
ಆಗಲೇ ನಾಕ ಫೋನ ಹೊಂಟಿದ್ದವು.
ಯಾರದೋ ಅಳಿಯಾಗ ಸ್ಟ್ಯಾಂಡ ಎದರಿಗೆ ಪಂಕ್ಚರ ಅಂಗಡಿ.
ಸ್ಪೀಕರಿನಾಗ ಅವನ ದನಿ ಗಾಡಿ ತುಂಬ:
"ಎಣ್ಣಿ ಹತ್ತಿದ ಕಾಗದ ಹನ್ನೆರಡ ಅದಾವು,
ಹಲ್ಲ ಯಾವದರಾಗ?"

ಉಮದಿಗೆ ಹೋಗಿ ತಿರಗಿ ಬರೂತನಕ
ಬಾಯಿ ಮುಚ್ಚಿಕೊಂಡೇ ತಿಕೀಟ ಹರದೆ.
ಬಾಯಿ ತಗದರ ಒಂದೊಂದ ಹಲ್ಲು
ಗಂಟು ಕಟ್ಟಿಕೊಂಡು ಇಳದು ಹೋದೀತು ಅಂತ.

ಆ ಹುಡುಗ ಸ್ಟ್ಯಾಂಡಿನಾಗ ನಿಂತಿದ್ದ,
ಅಂಗೈಯಾಗ ಹಿಡದು, ಹಕ್ಕಿ ಮರಿ ಹಿಡದಂಗ.
"ಟ್ಯೂಬ ಮುಳುಗಸೂ ನೀರಾಗ ತೊಳದೀನಿ ಅಕ್ಕಾ,
ಎಲ್ಲೂ ಲೀಕ ಇಲ್ಲ."

ನಾ ಮನಿ ಮುಟ್ಟೂದರಾಗ ಸುದ್ದಿ ಮುಟ್ಟಿತ್ತು.
"ಎಮ್ಮಿ ಸಿಕ್ಕಿತಂತ?" ಅಂದಳು ಅವ್ವ,
ಬಟ್ಟಲದ ಬದಲಿ ಚರಗಿ ತುಂಬ ಜಾರಿನ ನೀರು ಇಟ್ಟು.
ಮೂರ ಸಲ ತೊಳದೆ, ಸಣ್ಣ ಬ್ರಶ್ಶಿಲೆ, ಮೂಲಿ ಮೂಲಿ.
ಹಾಕಿದರ ಬಿಗಿ.
ನಾಕ ತಾಸಿನಾಗ ಎಷ್ಟ ದೂರ ಹೋಗಿದ್ದವೋ!
ಹೆಬ್ಬಟ್ಟು ಒತ್ತಿದೆ, ಟಕ್ ಅಂತು,
ದವಡಿ ತುಂಬ ಸಣ್ಣಗ ನೋವು.

ಎಷ್ಟ ವರ್ಷ ಹಾಕೋಬೇಕು ಅಂತ ಡಾಕ್ಟರಬಾಯೀನ ಕೇಳಿದ್ದೆ.
ರಾತ್ರಿ ಅಷ್ಟೂ, ಅಂದಿದ್ದಳು,
ಹಲ್ಲ ಇರೂತನಕ.

ಲೈಟ ಆರಿಸಿದ ಮ್ಯಾಲ ಕತ್ತಲದಾಗ
ಒಬ್ಬಾಕಿನ ರೂಢಿ ಮಾಡತೀನಿ:
ಸಂಖ.
ಶಂಖ.
ಸಂಖ.
ಬಾಜೂ ಹಾಸಿಗ್ಯಾಗಿಂದ ಅವ್ವ ಅಂತಾಳ,
"ಮಲಕೋ ಇನ್ನ,
ಇಳಿಯೋರು ಯಾರೂ ಇಲ್ಲ."